‘ಲೂಪರ್’ ನೋಡಿದೆವು, ತಲೆಬುಡ ಗೊತ್ತಾಗಲಿಲ್ಲ. ತಪ್ಪು ಯಾರದ್ದು?

ಪ್ರಶ್ನೆ: ಮೊನ್ನೆ ಮಳೆ ಹಿಡಿದ ರಾತ್ರಿ ಮನೆಯವರೆಲ್ಲ ಸೇರಿ ‘ಲೂಪರ್’ ನೋಡಿದೆವು. ರಕ್ತ ಕಂಡಾಗೆಲ್ಲ ನಾನು ಕಣ್ಣು ಮುಚ್ಚಿಕೊಂಡೆ. ಮುಗಿದ ಮೇಲೆ ಕಥೆಯ ತಲೆಬುಡ ಗೊತ್ತಾಗಲಿಲ್ಲ. ತಪ್ಪು ನಂದಾ, ಸಿನಿಮಾದ್ದಾ?
(ತೀರ್ಥಹಳ್ಳಿಯ ಓದುಗರೊಬ್ಬರು)

ಉತ್ತರ: ಅರ್ಧ ತಪ್ಪು ನಿಮ್ಮ ರೆಪ್ಪೆಗಳದ್ದು. ನೀವು ಕಣ್ಣು ಮುಚ್ಚಿದ ಜಾಗದಲ್ಲೇ ಕಥೆಯ ಕೀಲಿ ಇದೆ.

ಮೊದಲು ವರ್ಷಗಳ ಲೆಕ್ಕ. ನಿರ್ದೇಶಕ ರಿಯಾನ್ ಜಾನ್ಸನ್ 2012ರಲ್ಲಿ ತಂದ ಈ ಹಾಲಿವುಡ್ ಚಿತ್ರ ನಡೆಯುವುದು 2044ರಲ್ಲಿ. ಅದಕ್ಕೂ ಮೂವತ್ತು ವರ್ಷ ಮುಂದೆ, 2074ರಲ್ಲಿ, ಹೆಣ ಬಚ್ಚಿಡುವುದು ಬಹಳ ಕಷ್ಟ. ಹಾಗಾಗಿ ಅಲ್ಲಿನ ಪಾತಕಿಗಳು ಬೇಡದವರನ್ನು ಹಿಂದಿನ ಕಾಲಕ್ಕೆ ಅಟ್ಟುತ್ತಾರೆ. ಇಲ್ಲಿ, 2044ರಲ್ಲಿ, ಹೊಲದ ಬದಿಯಲ್ಲಿ ಕಾದು ನಿಂತ ಬಾಡಿಗೆ ಕೊಲೆಗಾರ (ಇವನೇ ‘ಲೂಪರ್’), ಮುಸುಕು ಹಾಕಿದ ಆಸಾಮಿ ಕಂಡ ತಕ್ಷಣ ಗುಂಡು ಹೊಡೆಯುತ್ತಾನೆ. ಹೆಣದ ಬೆನ್ನಿಗೆ ಕಟ್ಟಿದ ಬೆಳ್ಳಿ ಗಟ್ಟಿ ಅವನ ಕೂಲಿ. ಬೆಳ್ಳಿ ಬದಲು ಬಂಗಾರ ಸಿಕ್ಕಿತೋ, ಕೊಂದದ್ದು ಮುದುಕನಾದ ತನ್ನನ್ನೇ! ಇನ್ನು ಮೂವತ್ತು ವರ್ಷ ಮಜಾ ಮಾಡಿ, ಆಮೇಲೆ ಅದೇ ಹೊಲಕ್ಕೆ ಸಾಯಲು ಬರಬೇಕು.

ನಾಯಕ ಜೋ ಹರೆಯದಲ್ಲಿ ಜೋಸೆಫ್ ಗಾರ್ಡನ್-ಲೆವಿಟ್, ಮುಪ್ಪಿನಲ್ಲಿ ಬ್ರೂಸ್ ವಿಲ್ಲಿಸ್. ಹೋಲಿಕೆ ಬರಲಿ ಅಂತ ಚಿಕ್ಕವನ ಮುಖಕ್ಕೆ ಮೇಕಪ್ ಮೆತ್ತಿದ್ದಾರೆ. ನನಗಂತೂ ಹೋಲಿಕೆಗಿಂತ ಮೇಕಪ್ಪೇ ಜಾಸ್ತಿ ಕಂಡಿತು.

ಹೆಚ್ಚಿನವರು ಎಡವುವುದು ಹೊಲದ ದೃಶ್ಯದಲ್ಲಿ. ದೊಡ್ಡ ಜೋ ಮುಸುಕಿಲ್ಲದೆ ಬರುತ್ತಾನೆ, ತಪ್ಪಿಸಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಹೊಲ, ಅದೇ ಕೋವಿ. ಈ ಸಲ ಮುಸುಕು ಹಾಕಿಕೊಂಡು ಬರುತ್ತಾನೆ, ಸಾಯುತ್ತಾನೆ. ಶಿವಮೊಗ್ಗದ ಮನೆಯಲ್ಲಿ ನಾನು ಮೊದಲ ಸಲ ನೋಡುವಾಗ ಸರಿಯಾಗಿ ಅಲ್ಲೇ ಕರೆಂಟ್ ಹೋಗಿತ್ತು. ಬಂದ ಮೇಲೆ, ನೋಡಿದ್ದೇ ಮತ್ತೆ ಬರುತ್ತಿದೆ ಅಂದುಕೊಂಡು ರಿಮೋಟ್ ಒತ್ತಿ ಮುಂದೆ ಓಡಿಸಿಬಿಟ್ಟೆ. ಓಡಿಸಿದ್ದು ಮೂವತ್ತು ವರ್ಷ! ಜೋ ಶಾಂಘೈಗೆ ಹೋಗಿದ್ದು, ಮದುವೆಯಾಗಿದ್ದು, ಹೆಂಡತಿಯನ್ನು ಕಳೆದುಕೊಂಡಿದ್ದು ಎಲ್ಲ ಅಲ್ಲೇ ಇತ್ತು. ಅಂದರೆ ನಮಗೆ ಎರಡನೆಯದಾಗಿ ತೋರಿಸುವುದು ಮೊದಲು ನಡೆದದ್ದು. ಆ ಬಾಳು ಬಾಳಿದ ಜೋನೇ ಮುಸುಕಿಲ್ಲದೆ ಬಂದು ತಪ್ಪಿಸಿಕೊಂಡವನು. ಬಯಲಾಟದಲ್ಲಾದರೆ ಭಾಗವತರು ಇಲ್ಲೊಂದು ಪದ ಹೇಳಿ ದಾರಿ ತೋರಿಸುತ್ತಿದ್ದರು.

ಈಗ ನೀವು ಕಣ್ಣು ಮುಚ್ಚಿದ ದೃಶ್ಯ. ಇದು ಇನ್ನೂ ಮೊದಲೇ ಬರುತ್ತದೆ. ಸೇಥ್ ಎಂಬ ಕೊಲೆಗಾರ ಮುದುಕನಾದ ತನ್ನನ್ನು ಕೊಲ್ಲಲಾರದೆ ಬಿಟ್ಟುಬಿಡುತ್ತಾನೆ. ಪಾತಕಿಗಳು ಹಿಡಿಯುವುದು ಚಿಕ್ಕ ಸೇಥನನ್ನು. ಅತ್ತ ಓಡುತ್ತಿರುವ ಮುದುಕನ ತೋಳಿನ ಮೇಲೆ ಹಳೇ ಗಾಯದ ಕಲೆಯಾಗಿ ಒಂದು ವಿಳಾಸ ಮೂಡುತ್ತದೆ. ಆಮೇಲೆ ಬೆರಳು ಮಾಯ, ಮೂಗು ಮಾಯ, ಕಾಲು ಮಾಯ. ಕತ್ತರಿಸುವುದನ್ನು ತೋರಿಸುವುದೇ ಇಲ್ಲ. ಚಿಕ್ಕವನಿಗೆ ಏನು ಮಾಡಿದರೂ ಅದು ಆ ಕ್ಷಣಕ್ಕೇ ದೊಡ್ಡವನ ಮೈಮೇಲೆ ಕಾಣುತ್ತದೆ, ಇಡೀ ಚಿತ್ರದ ನಿಯಮ ಇಷ್ಟೇ. ಕೊನೆಯ ದೃಶ್ಯ ನಿಂತಿರುವುದೂ ಇದರ ಮೇಲೇ. ನೋಡದವರಿದ್ದಾರೆ, ಅದನ್ನು ಹೇಳುವುದಿಲ್ಲ.

ಹಾಗಾದರೆ ಮೂವತ್ತು ವರ್ಷದ ಹಿಂದೆಯೇ ಕಾಲು ಹೋದವನು ಅಷ್ಟು ಹೊತ್ತು ಓಡಿದ್ದು ಹೇಗೆ ಅಂತ ನೀವು ಕೇಳಬಹುದು. ಇಲ್ಲಿ ತಪ್ಪು ಸಿನಿಮಾದ್ದೇ. ಇಬ್ಬರು ಜೋಗಳು ಹೋಟೆಲಿನಲ್ಲಿ ಎದುರುಬದುರು ಕೂತಾಗ, ಈ ಮಾತು ಶುರು ಮಾಡಿದರೆ ದಿನವೆಲ್ಲ ಸ್ಟ್ರಾ ಜೋಡಿಸುತ್ತ ಕೂರಬೇಕಾಗುತ್ತದೆ ಅಂತ ದೊಡ್ಡವನು ಗದರುತ್ತಾನೆ. ಅದು ನಿರ್ದೇಶಕರು ನಮಗೇ ಹೇಳಿದ್ದು ಅಂತ ನನ್ನ ಗುಮಾನಿ.

ಇನ್ನೊಮ್ಮೆ ನೋಡುವುದಾದರೆ ಮಕ್ಕಳು ಮಲಗಿದ ಮೇಲೆ ನೋಡಿ. ರಕ್ತ ಆಗಲ್ಲ ಅಂದರೆ ಬೇರೆ ಕಡೆ ಕಣ್ಣು ಮುಚ್ಚಿ, ಸೇಥನ ದೃಶ್ಯವನ್ನು ಮಾತ್ರ ಬೆರಳ ಸಂದಿಯಿಂದಾದರೂ ನೋಡಿ. ಇನ್ವರ್ಟರ್ ಎರಡು ಗಂಟೆ ತಡೆಯುತ್ತಾ ಅಂತ ಮೊದಲೇ ವಿಚಾರಿಸಿಕೊಳ್ಳಿ.