ಇಂಜೆಕ್ಷನ್‌ಗೆ ತಲೆನೋವು ಇಳಿಯಿತು, ಗಡ್ಡೆ ಅಲ್ಲೇ ಇದೆ

ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಬೆಳಗ್ಗೆ ಏಳುತ್ತಲೇ ತಲೆನೋವು, ವಾಂತಿ, ಜೀವನದಲ್ಲೇ ಮೊದಲ ಸಲ ಫಿಟ್ಸ್, ಚೊಂಬು ಹಿಡಿದ ಕೈ ಸಡಿಲಾಗುವುದು, ಮಾತು ತೊದಲುವುದು, ಇಷ್ಟರಲ್ಲಿ ಯಾವುದು ಕಂಡರೂ ಮೆದುಳಿಗೆ ಹರಡಿದೆಯೇ ಎಂದು ನೋಡಲೇಬೇಕು. ದಾವಣಗೆರೆ ಸುತ್ತಿನ ಹಳ್ಳಿಗಳಲ್ಲಿ ತಲೆನೋವು ‘ಗ್ಯಾಸ್’ ಆಗುತ್ತದೆ, ಕೈ ಸೋತರೆ ‘ಲಕ್ವ’. ಲಕ್ವ ನಿಮಿಷಗಳಲ್ಲಿ ಹೊಡೆಯುತ್ತದೆ. ಗಡ್ಡೆಯ ನಿಶ್ಶಕ್ತಿ ಹೆಚ್ಚಾಗಿ ದಿನ, ವಾರಗಳಲ್ಲಿ ಏರುತ್ತದೆ. ಎರಡಕ್ಕೂ ಅಂದೇ ಆಸ್ಪತ್ರೆ ಸೇರಬೇಕು.

ಅಲ್ಲಿ ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಇಂಜೆಕ್ಷನ್ ಒಂದೆರಡು ದಿನದಲ್ಲೇ ಆರಾಮ ತರುತ್ತದೆ. ಎಡವಟ್ಟಾಗುವುದೇ ಇಲ್ಲಿ. ಇಳಿದದ್ದು ಗಡ್ಡೆಯ ಸುತ್ತಲಿನ ಬಾವು, ಗಡ್ಡೆಯಲ್ಲ. ಹುಷಾರಾಯಿತೆಂದು ಊರಿಗೆ ಹೋದವರು ಇನ್ನೂ ಕೆಟ್ಟು ಬರುತ್ತಾರೆ. ಈ ಔಷಧ ಸಾಮಾನ್ಯವಾಗಿ ದಿನಕ್ಕೆ 4ರಿಂದ 8 ಮಿ.ಗ್ರಾಂ., ಬಾವು ಜೋರಿದ್ದರೆ 16. ಮಾತ್ರೆಯಾದರೆ ಊಟದ ಮೇಲೆ, ಬೆಳಗ್ಗೆ ಮತ್ತು ಮಧ್ಯಾಹ್ನ ತೆಗೆದುಕೊಳ್ಳಬೇಕು. ರಾತ್ರಿ ನುಂಗಿದರೆ ನಿದ್ದೆ ಹತ್ತುವುದಿಲ್ಲ. ಶುಗರ್ ಏರುತ್ತದೆ, ನಾಲಿಗೆ ಮೇಲೆ ಬಿಳಿ ಅಗ್ರ (ಫಂಗಸ್ ಪದರ) ಕೂರಬಹುದು. ವಾರಗಟ್ಟಲೆ ತೆಗೆದುಕೊಂಡವರು ತಟ್ಟನೆ ನಿಲ್ಲಿಸಬಾರದು. ವೈದ್ಯರು ಹಂತಹಂತವಾಗಿ ಇಳಿಸುತ್ತಾರೆ.

ಕಾಂಟ್ರಾಸ್ಟ್ (ನರಕ್ಕೆ ಕೊಡುವ, ಗಡ್ಡೆ ಎದ್ದು ಕಾಣಿಸುವ ಔಷಧ) ಇಲ್ಲದ ಸಿಟಿ ಸ್ಕ್ಯಾನ್‌ನಲ್ಲಿ ಸಣ್ಣ ಗಡ್ಡೆಗಳು ತಪ್ಪಿಸಿಕೊಳ್ಳುತ್ತವೆ. ಮೂತ್ರಪಿಂಡ ಸರಿಯಿದೆಯೇ ಎಂದು ಹೇಳುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಿಕೊಂಡು ಕಾಂಟ್ರಾಸ್ಟ್ ಎಂಆರ್‌ಐ ಮಾಡಿಸಿ. ಅದರಲ್ಲಿ ಉಂಗುರದಂತೆ ಹೊಳೆಯುವುದೆಲ್ಲ ಕ್ಯಾನ್ಸರಲ್ಲ. ನಮ್ಮ ಕಡೆ ಟಿಬಿ ಗಡ್ಡೆ, ಲಾಡಿಹುಳುವಿನ ಗಂಟೂ ಹಾಗೇ ಕಾಣುತ್ತವೆ. ಎದೆಯ ಎಕ್ಸ್‌ರೇ ನೋಡಿಯೇ ತಿಂಗಳುಗಟ್ಟಲೆ ಟಿಬಿ ಮಾತ್ರೆ ಕೊಟ್ಟ ರೋಗಿಗಳಲ್ಲಿ ಕಫ ಪರೀಕ್ಷೆ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡುವುದು) ಆಗಿವೆಯೇ ಎಂದು ಮೊದಲು ಕೇಳಬೇಕು.

ಗಡ್ಡೆ ಒಂದೇ ಇದ್ದು 3 ಸೆಂ.ಮೀ. ದಾಟಿ ಒತ್ತುತ್ತಿದ್ದರೆ ಶಸ್ತ್ರಚಿಕಿತ್ಸೆ. ಕೆಲವೇ ಸಣ್ಣ ಗಡ್ಡೆಗಳಿದ್ದರೆ ಗಡ್ಡೆಗಷ್ಟೇ ಗುರಿಯಿಟ್ಟ ವಿಕಿರಣ. ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯ ಗಾಮಾ ನೈಫ್ ಇಂಥದ್ದು. ತುಂಬ ಇದ್ದರೆ ಇಡೀ ಮೆದುಳಿಗೆ, ಸಾಮಾನ್ಯವಾಗಿ 10 ಸಲಕ್ಕೆ ಒಟ್ಟು 30 ಗ್ರೇ (ವಿಕಿರಣದ ಅಳತೆ). ಇದರಿಂದ ಮರೆವು ಬರಬಹುದು, ಮನೆಯವರಿಗೆ ಮೊದಲೇ ಹೇಳಿಬಿಡಬೇಕು. ಫಿಟ್ಸ್ ಬಾರದವರಿಗೆ ಮುಂಜಾಗ್ರತೆಗೆಂದು ಫಿಟ್ಸ್ ಮಾತ್ರೆ ಸಾಮಾನ್ಯವಾಗಿ ಬೇಡ.

ಬಯಾಪ್ಸಿಯಲ್ಲಿ ಅಡಿನೊಕಾರ್ಸಿನೋಮ (ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ) ಎಂದು ಬಂದರೆ ಗಡ್ಡೆಯ ಜೀನ್ ಪರೀಕ್ಷೆ ಬಿಡಬೇಡಿ, ಬೀಡಿ ಮುಟ್ಟದವರಲ್ಲಂತೂ ಖಂಡಿತ. ಇಜಿಎಫ್ಆರ್ ಎಂಬ ಜೀನಿನಲ್ಲಿ ಸಾಮಾನ್ಯವಾಗಿ ಕಾಣುವ ಬದಲಾವಣೆ ಇದ್ದರೆ ಓಸಿಮರ್ಟಿನಿಬ್ 80 ಮಿ.ಗ್ರಾಂ. ದಿನಕ್ಕೊಂದು, ಎಎಲ್‌ಕೆ ಜೀನಿನ ಬದಲಾವಣೆ ಇದ್ದರೆ ಅಲೆಕ್ಟಿನಿಬ್ 600 ಮಿ.ಗ್ರಾಂ. ಎರಡು ಹೊತ್ತು, ಊಟದ ಜೊತೆ. ಇವು ಮೆದುಳಿಗೂ ತಲುಪುವುದರಿಂದ, ಒತ್ತಡ ಇಲ್ಲದ ಸಣ್ಣ ಗಡ್ಡೆಗಳಿಗೆ ಕೆಲವೊಮ್ಮೆ ವಿಕಿರಣ ಮುಂದೂಡಬಹುದು.

ಚಿಕಿತ್ಸೆಗೆ ಬೆಂಗಳೂರಿಗೆ ಹೊರಡುವಾಗ ರಿಪೋರ್ಟ್ ಕಾಗದವಷ್ಟೇ ಸಾಲದು. ಎಂಆರ್‌ಐ ಸಿಡಿ, ಬಯಾಪ್ಸಿಯ ಸ್ಲೈಡು, ಗಡ್ಡೆಯ ಚೂರನ್ನು ಇಟ್ಟಿರುವ ಮೇಣದ ಬ್ಲಾಕ್ ಲ್ಯಾಬಿನಿಂದ ಕೇಳಿ ಪಡೆಯಿರಿ. ಬ್ಲಾಕ್ ಇಲ್ಲದಿದ್ದರೆ ಜೀನ್ ಪರೀಕ್ಷೆಗಾಗಿ ಎದೆಗೆ ಮತ್ತೆ ಸೂಜಿ ಚುಚ್ಚಬೇಕಾದೀತು.