ಯುಡಿಎ ಅಂದರೇನು? ಪಕ್ಕದಲ್ಲೇ ಕ್ಲಿನಿಕ್ ಇದ್ದರೂ ಎನ್‌ಎಚ್‌ಎಸ್ ಡೆಂಟಿಸ್ಟ್ ಯಾಕೆ ಸಿಗುವುದಿಲ್ಲ?

ಇಂಗ್ಲೆಂಡಿನಲ್ಲಿ ಇರುವವರಿಗೆ ಇದು ಚೆನ್ನಾಗಿ ಗೊತ್ತು. ಬೀದಿ ತುದಿಯಲ್ಲೇ ಹಲ್ಲಿನ ಕ್ಲಿನಿಕ್ ಇರುತ್ತದೆ, ಬೋರ್ಡಿನ ಮೇಲೆ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಅಂತಲೂ ಬರೆದಿರುತ್ತದೆ. ಒಳಗೆ ಹೋಗಿ ಕೇಳಿದರೆ, ಎನ್‌ಎಚ್‌ಎಸ್‌ನಲ್ಲಿ ಹೊಸಬರನ್ನು ತಗೊಳ್ತಿಲ್ಲ, ಪ್ರೈವೇಟ್ ಆದರೆ ಈ ವಾರವೇ ಬನ್ನಿ ಅನ್ನುತ್ತಾರೆ. ಡಾಕ್ಟರೂ ಅದೇ, ಕುರ್ಚಿಯೂ ಅದೇ. ಹಾಗಾದರೆ ಇಲ್ಲದಿರುವುದು ಏನು? ಬಹಳ ಸಲ ಯುಡಿಎ.

ಯೂನಿಟ್ ಆಫ್ ಡೆಂಟಲ್ ಆಕ್ಟಿವಿಟಿ ಅನ್ನುವುದರ ಗಿಡ್ಡ ರೂಪ ಅದು. ಎನ್‌ಎಚ್‌ಎಸ್ ಡೆಂಟಿಸ್ಟ್ ಮಾಡಿದ ಕೆಲಸವನ್ನು ಅಳೆದು ದುಡ್ಡು ಕೊಡಲು ಇಟ್ಟುಕೊಂಡ ಲೆಕ್ಕ. 2006ರ ಏಪ್ರಿಲ್‌ನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೊಸ ಒಪ್ಪಂದ ಬಂದಾಗ ಇದೂ ಬಂತು. ಅದಕ್ಕೂ ಮುಂಚೆ ಒಂದೊಂದು ಕೆಲಸಕ್ಕೆ ಒಂದೊಂದು ದರ ಇತ್ತು: ಒಂದು ಫಿಲ್ಲಿಂಗಿಗೆ ಇಷ್ಟು, ಒಂದು ಹಲ್ಲು ಕೀಳಲು ಇಷ್ಟು. ಹೊಸ ಒಪ್ಪಂದದಲ್ಲಿ ಪ್ರತಿ ಕ್ಲಿನಿಕ್ಕಿಗೂ ವರ್ಷಕ್ಕೆ ಇಷ್ಟು ಯುಡಿಎ ಅಂತ ಗುರಿ ಹಾಕಿ, ಅಷ್ಟಕ್ಕೆ ಮಾತ್ರ ಹಣ ಕೊಡಲು ಶುರು ಮಾಡಿದರು. ಗುರಿ ಮೀರಿ ಕೆಲಸ ಮಾಡಿದರೆ ಸಾಮಾನ್ಯವಾಗಿ ಹಣವಿಲ್ಲ. ಶೇ 96ಕ್ಕಿಂತ ಕಡಿಮೆ ಮಾಡಿದರೆ ಕೊಟ್ಟ ಹಣದಲ್ಲಿ ವಾಪಸ್ ಕೇಳುತ್ತಾರೆ.

ಎಣಿಕೆ ನಡೆಯುವುದು ಹೀಗೆ. ಚಿಕಿತ್ಸೆಯನ್ನು ಮೂರು ಬ್ಯಾಂಡ್ ಮಾಡಿದ್ದಾರೆ. ಚೆಕಪ್, ಎಕ್ಸ್‌ರೇ, ಬೇಕಿದ್ದರೆ ಕ್ಲೀನಿಂಗ್ ಮೊದಲನೆಯದು, ಅದಕ್ಕೆ 1 ಯುಡಿಎ. ಫಿಲ್ಲಿಂಗ್, ರೂಟ್ ಕೆನಾಲ್, ಹಲ್ಲು ಕೀಳುವುದು ಎರಡನೆಯದು, ಅದಕ್ಕೆ 3. ಕ್ಯಾಪ್, ಬ್ರಿಡ್ಜ್, ಹಲ್ಲು ಸೆಟ್ ಮೂರನೆಯದು, ಅದಕ್ಕೆ 12. ತೊಂದರೆ ಇರುವುದು ಆ ಎರಡನೇ ಬ್ಯಾಂಡಿನಲ್ಲಿ. ಒಂದು ಸಣ್ಣ ಫಿಲ್ಲಿಂಗ್ ಮಾಡಿದರೂ 3, ಆರು ಫಿಲ್ಲಿಂಗ್ ಮಾಡಿ ಎರಡು ಹಲ್ಲು ಕಿತ್ತು ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿದರೂ ಅದೇ 3. ಹದಿನಾರು ವರ್ಷ ಹೀಗೇ ನಡೆಯಿತು.

ಇದನ್ನು ದುಡ್ಡಿನಲ್ಲಿ ನೋಡೋಣ. 2024ರ ಏಪ್ರಿಲ್‌ನಿಂದ ಒಂದು ಯುಡಿಎಗೆ ಕನಿಷ್ಠ 28 ಪೌಂಡ್ ಅಂತ ಮಾಡಿದರು. ನಾಲ್ಕೈದು ವರ್ಷ ಡೆಂಟಿಸ್ಟ್ ಮುಖ ನೋಡದ ಒಬ್ಬರು ಬಂದರು ಅಂದುಕೊಳ್ಳಿ, ಬಾಯಲ್ಲಿ ಮೇಲೆ ಹೇಳಿದಷ್ಟು ಕೆಲಸ ಇದೆ. ಈ ದರ ಹಿಡಿದರೂ ಹಳೆಯ ಲೆಕ್ಕದಲ್ಲಿ ಕ್ಲಿನಿಕ್ಕಿಗೆ ಸಿಗುವುದು 84 ಪೌಂಡ್. ಅದರಲ್ಲೇ ಹಲವು ಭೇಟಿ, ಇಂಜೆಕ್ಷನ್, ರೂಟ್ ಕೆನಾಲ್‌ಗೆ ಬಳಸುವ ಸಣ್ಣ ಉಪಕರಣಗಳು, ನರ್ಸ್ ಸಂಬಳ, ಎಲ್ಲ ಆಗಬೇಕು. ಇನ್ನೊಬ್ಬರು ಹಲ್ಲು ಚೆನ್ನಾಗಿಯೇ ಇರುವವರು, ಬಂದು ಬಾಯಿ ತೆರೆದು ತೋರಿಸಿ ಹೋಗುತ್ತಾರೆ, ಅದಕ್ಕೆ 28. ಯಾರ ಬಾಯಿ ಹೆಚ್ಚು ಕೆಟ್ಟಿದೆಯೋ ಅವರನ್ನು ನೋಡಿದರೆ ಕ್ಲಿನಿಕ್ಕಿಗೆ ಕೈಯಿಂದ ಹೋಗುತ್ತದೆ. ಹೊಸ ರೋಗಿ ಅಂದರೆ ಬಾಯಲ್ಲಿ ಎಷ್ಟು ಕೆಲಸ ಇದೆಯೋ ಗೊತ್ತಿಲ್ಲದ ರೋಗಿ, ಅಲ್ವಾ? ಬಾಗಿಲು ಮುಚ್ಚುವುದು ಅಲ್ಲೇ. ಇದನ್ನು ಡೆಂಟಿಸ್ಟರ ದುರಾಸೆ ಅಂತ ಬೈಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಲೆಕ್ಕವೇ ಹಾಗಿದೆ.

2022ರ ನವೆಂಬರ್‌ನಲ್ಲಿ ಸ್ವಲ್ಪ ಸರಿ ಮಾಡಿದರು. ಮೂರು ಅಥವಾ ಹೆಚ್ಚು ಹಲ್ಲಿಗೆ ಫಿಲ್ಲಿಂಗ್ ಇಲ್ಲವೇ ಕೀಳುವುದು ಇದ್ದರೆ, ಅಥವಾ ದವಡೆ ಹಲ್ಲು ಬಿಟ್ಟು ಬೇರೆ ಹಲ್ಲಿಗೆ ರೂಟ್ ಕೆನಾಲ್ ಇದ್ದರೆ 5 ಯುಡಿಎ. ದವಡೆ ಹಲ್ಲಿನ ರೂಟ್ ಕೆನಾಲ್ ಇದ್ದರೆ 7. 28 ಪೌಂಡಿನ ದರದಲ್ಲಿ ಆ ರೋಗಿಯನ್ನು ನೋಡಿದರೆ ಕ್ಲಿನಿಕ್ಕಿಗೆ 84ರ ಬದಲು 196 ಪೌಂಡ್ ಆಯಿತು. ಒಳ್ಳೆಯದೇ, ಆದರೆ ಅಷ್ಟೂ ಕೆಲಸಕ್ಕೆ ಅದೂ ಸಾಲುವಂಥದ್ದಲ್ಲ.

ರೋಗಿ ಕೊಡುವ ಶುಲ್ಕವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ. 2025ರ ಏಪ್ರಿಲ್‌ನಲ್ಲಿ ಅದು ಮೂರು ಬ್ಯಾಂಡಿಗೆ ಕ್ರಮವಾಗಿ 27.40, 75.30 ಮತ್ತು 326.70 ಪೌಂಡ್ ಇತ್ತು. ಹದಿನೆಂಟರ ಒಳಗಿನವರಿಗೆ, ಗರ್ಭಿಣಿಯರಿಗೆ, ಹೆರಿಗೆಯಾಗಿ ವರ್ಷ ತುಂಬದವರಿಗೆ ಉಚಿತ. ಈ ಹಣ ಡೆಂಟಿಸ್ಟಿಗೆ ಹೆಚ್ಚುವರಿ ಅಲ್ಲ. ಅವರ ಒಪ್ಪಂದದ ಮೊತ್ತದಲ್ಲಿ ಅಷ್ಟನ್ನು ಕಳೆದುಕೊಂಡೇ ಸರ್ಕಾರ ಉಳಿದದ್ದು ಕೊಡುತ್ತದೆ.

ಊರಿಂದ ಊರಿಗೆ ಇಷ್ಟೊಂದು ವ್ಯತ್ಯಾಸ ಯಾಕೆ ಅನ್ನುವುದಕ್ಕೂ ಉತ್ತರ ಯುಡಿಎಯಲ್ಲೇ ಇದೆ. 2006ರಲ್ಲಿ ಒಂದೊಂದು ಕ್ಲಿನಿಕ್ಕಿಗೆ ಎಷ್ಟು ಯುಡಿಎ, ಎಷ್ಟು ದರ ಅನ್ನುವುದನ್ನು ಅದಕ್ಕೂ ಮುಂಚಿನ ಒಂದು ವರ್ಷ, 2004ರ ಅಕ್ಟೋಬರ್‌ನಿಂದ 2005ರ ಸೆಪ್ಟೆಂಬರ್‌ವರೆಗೆ, ಆ ಡೆಂಟಿಸ್ಟ್ ಮಾಡಿದ ಕೆಲಸ ನೋಡಿ ತೀರ್ಮಾನಿಸಿದರು. ಆ ಊರಲ್ಲಿ ಎಷ್ಟು ಜನ ಇದ್ದಾರೆ, ಅವರ ಹಲ್ಲು ಹೇಗಿದೆ ಅಂತ ನೋಡಲಿಲ್ಲ. ಆಮೇಲೆ ಊರು ಬೆಳೆಯಿತು, ಹೊಸ ಬಡಾವಣೆ ಬಂತು, ಆದರೆ ಹಳೆಯ ಅಂಕಿಯೇ ಬಹುಮಟ್ಟಿಗೆ ಉಳಿದುಕೊಂಡಿತು. ದರ ಕಡಿಮೆ ಇರುವ ಕಡೆ ಕ್ಲಿನಿಕ್ಕಿಗೆ ಡೆಂಟಿಸ್ಟ್ ಸಿಗುವುದಿಲ್ಲ, ಸಿಕ್ಕವರು ಪ್ರೈವೇಟ್‌ಗೆ ಹೋಗುತ್ತಾರೆ, ಗುರಿ ಮುಟ್ಟುವುದಿಲ್ಲ, ಹಣ ವಾಪಸ್ ಹೋಗುತ್ತದೆ. ಜನ ಹಲ್ಲು ನೋವಿನಲ್ಲಿ ಫೋನ್ ಹಿಡಿದು ಕೂತಿರುವ ಊರಲ್ಲೇ ಹಲ್ಲಿಗಾಗಿ ಇಟ್ಟ ಹಣ ಖರ್ಚಾಗದೆ ಉಳಿಯುವುದು ಹೀಗೆ.

2024ರ ಫೆಬ್ರವರಿಯಲ್ಲಿ ಬ್ರಿಸ್ಟಲ್‌ನ ಸೇಂಟ್ ಪಾಲ್ಸ್‌ನಲ್ಲಿ ಒಂದು ಕ್ಲಿನಿಕ್ ಹೊಸ ಎನ್‌ಎಚ್‌ಎಸ್ ರೋಗಿಗಳನ್ನು ತಗೊಳ್ಳುತ್ತೇವೆ ಅಂದಾಗ ನೂರಾರು ಜನ ಬೀದಿಯುದ್ದಕ್ಕೂ ಸಾಲು ನಿಂತರು, ಸಾಲು ಸಂಭಾಳಿಸಲು ಪೊಲೀಸರು ಬರಬೇಕಾಯಿತು. ಇಂಗ್ಲೆಂಡಿನಲ್ಲಿ 5ರಿಂದ 9 ವರ್ಷದ ಮಕ್ಕಳು ಆಸ್ಪತ್ರೆಗೆ ದಾಖಲಾಗುವ ಕಾರಣಗಳಲ್ಲಿ ಹುಳುಕು ಹಲ್ಲು ಮೊದಲನೆಯದು. ಬೇಗ ನೋಡಿದ್ದರೆ ಅದರಲ್ಲಿ ಬಹುಪಾಲು ತಪ್ಪಿಸಬಹುದಿತ್ತು. ಇದನ್ನು ನೆನೆದರೆ ಸುಮ್ನೆ ಇರಲು ಆಗುವುದಿಲ್ಲ.

ಹಾಗಾದರೆ ಏನು ಮಾಡಬಹುದು? ಮೇಲಿಂದ ಸ್ವಲ್ಪ ಹಣ ಸುರಿದರೆ ಸಾಲದು ಅನ್ನುವುದು ಈಗಾಗಲೇ ಗೊತ್ತಾಗಿದೆ. 2024ರಲ್ಲಿ ಎರಡು ವರ್ಷದಿಂದ ಡೆಂಟಿಸ್ಟನ್ನು ಕಾಣದವರನ್ನು ನೋಡಿದರೆ ಹೆಚ್ಚುವರಿ 15 ಅಥವಾ 50 ಪೌಂಡ್ ಅಂತ ಕೊಟ್ಟರು. ಅದಕ್ಕೆ ಕನಿಷ್ಠ 8.8 ಕೋಟಿ ಪೌಂಡ್ ಖರ್ಚಾಯಿತು, ನೋಡಿದ ಹೊಸ ರೋಗಿಗಳು ಶೇ 3ರಷ್ಟು ಕಡಿಮೆಯಾದರು ಅಂತ ಸಂಸತ್ತಿನ ಪಬ್ಲಿಕ್ ಅಕೌಂಟ್ಸ್ ಕಮಿಟಿ 2025ರಲ್ಲಿ ಹೇಳಿತು. ಯುಡಿಎ ಲೆಕ್ಕವನ್ನು ಬಿಡಿ ಅಂತ ಸಂಸತ್ತಿನ ಆರೋಗ್ಯ ಸಮಿತಿಯೂ 2023ರಲ್ಲಿ ಕೇಳಿತ್ತು. ಈ ಒಪ್ಪಂದ ಸರಿಯಿಲ್ಲ ಅಂತ 2008ರಲ್ಲೇ ಅದೇ ಸಮಿತಿ ಹೇಳಿತ್ತು. ಸ್ಕಾಟ್ಲೆಂಡ್‌ನಲ್ಲಿ ಯುಡಿಎ ಇಲ್ಲವೇ ಇಲ್ಲ, ಮಾಡಿದ ಕೆಲಸಕ್ಕೆ ದರ. ಅಲ್ಲಿ 2023ರ ನವೆಂಬರ್‌ನಲ್ಲಿ ನಾನೂರಕ್ಕೂ ಹೆಚ್ಚು ಕೆಲಸಗಳಿದ್ದ ದರಪಟ್ಟಿಯನ್ನು 45 ಕೆಲಸಗಳಿಗೆ ಇಳಿಸಿದರು.

ಒಪ್ಪಂದ ಪೂರ್ತಿ ಬದಲಾಗುವವರೆಗೆ ಸ್ಥಳೀಯವಾಗಿ ಮಾಡುವಂಥದ್ದೂ ಇದೆ. 2023ರ ಏಪ್ರಿಲ್‌ನಿಂದ ಹಲ್ಲಿನ ಒಪ್ಪಂದ ನೋಡಿಕೊಳ್ಳುವ ಅಧಿಕಾರ ಆಯಾ ಪ್ರದೇಶದ ಇಂಟಿಗ್ರೇಟೆಡ್ ಕೇರ್ ಬೋರ್ಡ್ (ಎನ್‌ಎಚ್‌ಎಸ್‌ನ ಸ್ಥಳೀಯ ಮಂಡಳಿ) ಕೈಯಲ್ಲಿದೆ. ಗುರಿ ಮುಟ್ಟದ ಕ್ಲಿನಿಕ್ಕಿನ ಯುಡಿಎಯನ್ನು ಅವರು ಬೇರೆಯವರಿಗೆ ಕೊಡಬಹುದು, ದರ ಏರಿಸಬಹುದು, ಒಪ್ಪಂದದ ಒಂದು ಭಾಗವನ್ನು ತುರ್ತು ರೋಗಿಗಳಿಗೆ ಅಥವಾ ವೃದ್ಧರ ಕೇರ್ ಹೋಮ್‌ಗಳಿಗೆ ಮೀಸಲಿಡಬಹುದು. ಹಲ್ಲು ಚೆನ್ನಾಗಿರುವ ದೊಡ್ಡವರನ್ನು ಆರು ತಿಂಗಳಿಗೊಮ್ಮೆ ಕರೆಯುವ ಅಭ್ಯಾಸವನ್ನೂ ಬಿಡಬಹುದು. ಎನ್‌ಎಚ್‌ಎಸ್ ಚಿಕಿತ್ಸೆಗೆ ಮಾರ್ಗದರ್ಶನ ಕೊಡುವ ನೈಸ್ ಸಂಸ್ಥೆಯ ಮಾರ್ಗಸೂಚಿ ಪ್ರಕಾರ ಅಂಥವರಿಗೆ 24 ತಿಂಗಳವರೆಗೂ ಬಿಡುವು ಕೊಡಬಹುದು, ಆ ಜಾಗಕ್ಕೆ ನೋವಿರುವ ಒಬ್ಬರನ್ನು ತಗೊಳ್ಳಬಹುದು.

ನೀವು ಇಂಗ್ಲೆಂಡಿನಲ್ಲಿ ಇದ್ದರೆ ಎರಡು ವಿಷಯ ತಿಳಿದುಕೊಳ್ಳಿ. ಜಿಪಿ (ಸ್ಥಳೀಯ ಸಾಮಾನ್ಯ ವೈದ್ಯರು) ಹತ್ತಿರ ಹೆಸರು ನೋಂದಾಯಿಸಿದ ಹಾಗೆ ಡೆಂಟಿಸ್ಟ್ ಹತ್ತಿರ 2006ರಿಂದ ನೋಂದಣಿ ಇಲ್ಲ, ವಿಳಾಸದ ಗಡಿಯೂ ಇಲ್ಲ. ಹಾಗಾಗಿ ಪಕ್ಕದ ಊರಿನ ಕ್ಲಿನಿಕ್ಕಿನಲ್ಲೂ ಕೇಳಬಹುದು, ನೋವು ತಡೆಯಲಾಗದಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111ಕ್ಕೆ ಫೋನ್ ಮಾಡಬಹುದು. ಇನ್ನು, ನಿಮ್ಮ ಊರಿನ ಕ್ಲಿನಿಕ್ ಎನ್‌ಎಚ್‌ಎಸ್ ಕೆಲಸ ನಿಲ್ಲಿಸಿದರೆ, ಅದಕ್ಕೆ ವರ್ಷಕ್ಕೆ ಎಷ್ಟು ಯುಡಿಎ ಇತ್ತು, ಈಗ ಅವು ಯಾರಿಗೆ ಹೋದವು ಅಂತ ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ (ಫ್ರೀಡಂ ಆಫ್ ಇನ್ಫರ್ಮೇಶನ್ ಆಕ್ಟ್) ಬೋರ್ಡಿಗೆ ಒಂದು ಇಮೇಲ್ ಬರೆಯಿರಿ. ಕೆಲಸದ 20 ದಿನಗಳೊಳಗೆ ಉತ್ತರ ಕೊಡಬೇಕು ಅಂತ ಕಾನೂನೇ ಇದೆ.