ಯಕೃತ್ತಿನ ಕಾಯಿಲೆ, ಪ್ರೋಟೀನ್ ಮಾರ್ಪಾಡು ಮತ್ತು ಚೀನೀ ಔಷಧಿ

ಕ್ರಿ.ಶ. 200ರ ಸುಮಾರಿಗೆ ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್ ಕಾಮಾಲೆಗೆ ಇನ್‌ಚೆನ್ ಗಿಡ, ಗಾರ್ಡೀನಿಯಾ ಕಾಯಿ ಮತ್ತು ರೇವಲ್ಚಿನ್ನಿ ಬೇರಿನ ಕಷಾಯವನ್ನು ಸೂಚಿಸಿದ್ದರು. ಅಲ್ಲಿನ ವೈದ್ಯರು ಅದನ್ನು ಇಂದಿಗೂ ಬರೆದುಕೊಡುತ್ತಾರೆ. ಇಂಥ ಔಷಧಿ ಜೀವಕೋಶದೊಳಗೆ ಏನು ಮಾಡುತ್ತದೆ ಎಂದು ಪರೀಕ್ಷಿಸುವ ವಿಜ್ಞಾನ ರೂಪುಗೊಂಡದ್ದು ಮಾತ್ರ 20ನೇ ಶತಮಾನದಲ್ಲಿ.

ಜೀವರಸಾಯನ ವಿಜ್ಞಾನಿಗಳಾದ ಎಡ್ಮಂಡ್ ಫಿಷರ್ ಮತ್ತು ಎಡ್ವಿನ್ ಕ್ರೆಬ್ಸ್ 1955ರಿಂದ ನಡೆಸಿದ ಪ್ರಯೋಗಗಳಲ್ಲಿ, ದೇಹ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜನ್ ಒಡೆಯುವ ಕಿಣ್ವವು ಫಾಸ್ಫೇಟ್ ಸೇರಿದಾಗ ಚುರುಕಾಗುವುದನ್ನೂ ಅದು ಕಳಚಿದಾಗ ಮಂದವಾಗುವುದನ್ನೂ ಕಂಡರು. ಅದಕ್ಕಾಗಿ 1992ರಲ್ಲಿ ಅವರಿಗೆ ನೊಬೆಲ್ ದೊರೆಯಿತು. ಪ್ರೋಟೀನು ತಯಾರಾದ ಮೇಲೂ ಅದರ ಕೆಲಸವನ್ನು ಬದಲಿಸುವ ಇಂಥ ಮಾರ್ಪಾಡುಗಳು ಹಲವು: ಅಸಿಟೈಲ್, ಸಕ್ಕರೆಯ ಸರಪಳಿ, ಯುಬಿಕ್ವಿಟಿನ್ ಹೀಗೆ ಬೇರೆ ಬೇರೆ ಗುಂಪುಗಳು ಸೇರಿಕೊಳ್ಳುತ್ತವೆ.

ಯಕೃತ್ತು ನಾರುಗಟ್ಟುವ ಕ್ರಿಯೆಯಲ್ಲಿ ಇಂಥ ಮಾರ್ಪಾಡಿನ ಪಾತ್ರ ಸ್ಪಷ್ಟವಾಗಿ ಕಾಣುತ್ತದೆ. ಆರೋಗ್ಯವಂತ ಯಕೃತ್ತಿನ ಸ್ಟೆಲ್ಲೇಟ್ ಕೋಶಗಳು ವಿಟಮಿನ್ ಎ ಕೂಡಿಟ್ಟುಕೊಂಡು ಸುಮ್ಮನಿರುತ್ತವೆ; ವೈರಸ್, ಮದ್ಯ ಅಥವಾ ಕೊಬ್ಬಿನಿಂದ ಹಾನಿ ಮುಂದುವರಿದಾಗ ಟಿಜಿಎಫ್-ಬೀಟಾ ಎಂಬ ಸಂಕೇತ ಅವುಗಳನ್ನು ತಲುಪುತ್ತದೆ, ಸ್ಮ್ಯಾಡ್2 ಮತ್ತು ಸ್ಮ್ಯಾಡ್3 ಪ್ರೋಟೀನುಗಳಿಗೆ ಫಾಸ್ಫೇಟ್ ಸೇರುತ್ತದೆ, ಅವು ಕೋಶಕೇಂದ್ರಕ್ಕೆ ಹೋಗಿ ನಾರಿನ ಪ್ರೋಟೀನಾದ ಕೊಲಾಜೆನ್ ತಯಾರಿಸುವ ಜೀನ್‌ಗಳನ್ನು ಎಚ್ಚರಿಸುತ್ತವೆ. ಡಾನ್‌ಶೆನ್ ಎಂಬ ಚೀನೀ ಮೂಲಿಕೆಯ ಬೇರಿನಲ್ಲಿರುವ ಸಾಲ್ವಿಯಾನೋಲಿಕ್ ಆಮ್ಲ ಬಿ ಈ ಫಾಸ್ಫೇಟ್ ಸೇರ್ಪಡೆಯನ್ನು ತಗ್ಗಿಸುವುದನ್ನು ಪ್ರಯೋಗಾಲಯದ ಕೋಶಗಳಲ್ಲಿ ತೋರಿಸಲಾಗಿದೆ. ಹುವಾಂಗ್‌ಲಿಯನ್ ಎಂಬ ಇನ್ನೊಂದು ಮೂಲಿಕೆಯ ಬೇರಿನ ಬರ್ಬೆರಿನ್, ಕೊಬ್ಬಿನ ಬಳಕೆಯನ್ನು ನಿಯಂತ್ರಿಸುವ ಎಎಂಪಿಕೆ ಕಿಣ್ವಕ್ಕೆ ಫಾಸ್ಫೇಟ್ ಸೇರುವುದನ್ನು ಹೆಚ್ಚಿಸುತ್ತದೆ.

ಈ ಫಲಿತಾಂಶಗಳು ನಿಜಕ್ಕೂ ಅಮೂಲ್ಯ. ಆದರೆ ಇವುಗಳನ್ನೇ ಚಿಕಿತ್ಸೆಯ ಪುರಾವೆಯೆಂದು ಪ್ರಚಾರ ಮಾಡುವುದು ರೋಗಿಗಳಿಗೆ ಮಾಡುವ ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ಶಿಸಾಂಡ್ರಾ ಹಣ್ಣಿನ ಅಧ್ಯಯನದಿಂದ ಚೀನಾದಲ್ಲಿ ಹುಟ್ಟಿದ ಬೈಫೆಂಡೇಟ್ ಮಾತ್ರೆ ಇದಕ್ಕೆ ಹಳೆಯ ನಿದರ್ಶನ: ಯಕೃತ್ತಿನ ಹಾನಿಯನ್ನು ಸೂಚಿಸುವ ಎಎಲ್‌ಟಿ ಕಿಣ್ವದ ಮಟ್ಟವನ್ನು ರಕ್ತದಲ್ಲಿ ಅದು ಇಳಿಸುತ್ತದೆ, ಹೆಪಟೈಟಿಸ್ ಬಿ ವೈರಸ್ಸನ್ನು ಮಾತ್ರ ಹೊರಹಾಕುವುದಿಲ್ಲ.

ಮೂಲಿಕೆಯೇ ಪ್ರೋಟೀನನ್ನು ಕೆಡಿಸುವುದೂ ಉಂಟು. ನೋವಿಗೆಂದು ಬಳಸುವ ತುಸಾಂಚಿ ಗಿಡದ ಪೈರೋಲಿಜಿಡಿನ್ ಆಲ್ಕಲಾಯ್ಡುಗಳೆಂಬ ವಿಷಕಾರಿ ರಾಸಾಯನಿಕಗಳು ಯಕೃತ್ತಿನಲ್ಲೇ ಪೈರೋಲ್ ಎಂಬ ವಸ್ತುಗಳಾಗಿ ಬದಲಾಗಿ ಪ್ರೋಟೀನುಗಳಿಗೆ ಅಂಟುತ್ತವೆ. ಸಣ್ಣ ರಕ್ತನಾಳಗಳು ಹಾನಿಗೊಂಡು ಕಟ್ಟಿಕೊಳ್ಳುತ್ತವೆ, ಕೆಲವರು ಸಾಯುತ್ತಾರೆ. ರೋಗಿಯ ರಕ್ತದಲ್ಲಿ ಈ ಪೈರೋಲ್ ಅಂಟಿದ ಪ್ರೋಟೀನುಗಳನ್ನು ಅಳೆದು ಈಗ ಕಾರಣವನ್ನು ಗುರುತಿಸಬಹುದು. ಮೂಲಿಕೆ ರೋಗವನ್ನು ಗುಣಪಡಿಸುತ್ತದೆಯೇ ಎಂಬ ವಿಷಯದಲ್ಲಿಯೂ ಅಷ್ಟೇ ನೇರವಾದ ಪರೀಕ್ಷೆ ಬೇಕು: ವೈರಸ್ ನಿರೋಧಕ ಔಷಧಿಯ ಜೊತೆಗೆ ಮೂಲಿಕೆ ಪಡೆದವರನ್ನೂ ಪಡೆಯದವರನ್ನೂ ವರ್ಷಗಟ್ಟಲೆ ಹೋಲಿಸಿ, ಯಕೃತ್ತಿನ ತುಣುಕನ್ನು ತೆಗೆದು ನಾರಿನ ಪ್ರಮಾಣ ಕುಗ್ಗಿದೆಯೇ ಎಂದು ನೋಡಬೇಕು.